ಭಾವವಾಚಕ ಪರ್ಯಾಯ ಪದಗಳು ಮತ್ತು ಗಡಿನಾಡಿನ ಪಾಠಶಾಲೆ

ಕನ್ನಡ ಭಾಷಾಬೋಧನೆಯಲ್ಲಿ ಪರ್ಯಾಯ ಪದಗಳಿಗೆ ಒಂದು ನಿಶ್ಚಿತ ಸ್ಥಾನವಿದೆ. ಪಾಠದ ಕೊನೆಯ ಅಭ್ಯಾಸದಲ್ಲಿ ಒಂದು ಪದವನ್ನು ಕೊಟ್ಟು, ಅದೇ ಅರ್ಥದ ಬೇರೆ ಎರಡು ಪದಗಳನ್ನು ಬರೆಯಲು ಹೇಳುವುದು ಎಲ್ಲ ಉಪಾಧ್ಯಾಯರಿಗೂ ಪರಿಚಿತವಾದ ಕ್ರಮ. ಸೂರ್ಯನಿಗೆ ರವಿ, ಭಾನು ಎಂದೂ, ನೀರಿಗೆ ಜಲ, ಉದಕ ಎಂದೂ ವಿದ್ಯಾರ್ಥಿ ಬರೆದರೆ ಅಲ್ಲಿಗೆ ಕೆಲಸ ಮುಗಿಯಿತು. ರವಿ ಎಂದರೂ ಭಾನು ಎಂದರೂ ಆಕಾಶದಲ್ಲಿರುವವನು ಒಬ್ಬನೇ. ಆದರೆ ಇದೇ ಕ್ರಮವನ್ನು ಕೋಪ, ಭಯ, ದುಃಖ, ಸಂತೋಷ ಮೊದಲಾದ ಭಾವವಾಚಕ ಪದಗಳಿಗೆ ಅನ್ವಯಿಸಿದಾಗ ತೊಡಕು ಪ್ರಾರಂಭವಾಗುತ್ತದೆ. ಕೋಪ, ಮುನಿಸು, ರೋಷ, ಹಗೆ ಎಂಬವು ಒಂದೇ ವಸ್ತುವಿನ ನಾಲ್ಕು ಹೆಸರುಗಳಲ್ಲ. ಅವು ನಾಲ್ಕು ಬೇರೆ ಬೇರೆ ಮನಃಸ್ಥಿತಿಗಳು. ಅವನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆಯಿಸಿದರೆ ವಿದ್ಯಾರ್ಥಿಗೆ ನಾಲ್ಕು ಪದಗಳು ದೊರೆತಂತೆ ಕಂಡರೂ ವಾಸ್ತವವಾಗಿ ದೊರೆಯುವುದು ಒಂದೇ.

ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಗೆಳೆಯರ ಮುಂದೆ ಅವಮಾನಪಟ್ಟ ಹುಡುಗ, ಲೆಕ್ಕದ ಪಾಠಕ್ಕೆ ಅಂಜುವ ಹುಡುಗಿ, ಹೊಲದ ಕೆಲಸ ಮುಗಿಸಿ ದಣಿದು ಬಂದವನು, ಊರು ಬಿಟ್ಟು ದುಡಿಯಲು ಹೋದ ತಂದೆಯನ್ನು ನೆನೆದು ಕೊರಗುವವಳು, ಈ ನಾಲ್ವರೂ ಗುರುಗಳು ಕೇಳಿದಾಗ "ಬೇಜಾರಾಗ್ಯಾದ್ರಿ" ಎಂದಷ್ಟೇ ಹೇಳುತ್ತಾರೆ. ಈಚೆಗೆ "ಟೆನ್ಶನ್" ಎಂಬ ಇನ್ನೊಂದು ಮಾತೂ ಇದಕ್ಕೆ ಸೇರಿದೆ. ನಾಲ್ವರಿಗೂ ಬೇಕಾದ ಉಪಚಾರ ಬೇರೆ ಬೇರೆ. ಹೊರಗೆ ಬಂದ ಮಾತು ಮಾತ್ರ ಒಂದೇ. ತನ್ನ ಮನಸ್ಸಿನಲ್ಲಿ ಆಗುತ್ತಿರುವುದಕ್ಕೆ ತಕ್ಕ ಪದ ದೊರೆಯದ ಮಗುವಿಗೆ ನೆರವು ನೀಡುವುದು ಗುರುವಿಗೂ ಕಷ್ಟ, ತಾಯಿಗೂ ಕಷ್ಟ. ಆದ್ದರಿಂದ ಭಾವವಾಚಕ ಪರ್ಯಾಯ ಪದಗಳನ್ನು ಕಲಿಸುವ ಬಗೆ ಯಾವುದು, ವಿಶೇಷವಾಗಿ ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರು ಭಾಗಗಳಲ್ಲಿ ಅದು ಹೇಗಿರಬೇಕು ಎಂಬುದನ್ನು ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಭಾಗದ ಭಾಷಾಸ್ಥಿತಿ

ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಭಾಗಗಳು ಆಂಧ್ರಪ್ರದೇಶಕ್ಕೆ ಬಂದವು. ೨೦೧೪ರ ಜೂನ್ ೨ರಿಂದ ತೆಲಂಗಾಣದಲ್ಲಿವೆ. ೨೦೧೬ರ ಜಿಲ್ಲಾ ವಿಂಗಡಣೆಯ ಮೇಲೆ ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದು ಜಿಲ್ಲೆಗೂ ಸೇರಿದವು. ಜಿಲ್ಲೆ, ರಾಜ್ಯಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಆದರೆ ಆ ಮಾತಿನ ಸುತ್ತಲಿನ ಮಾತುಗಳು ಹೆಚ್ಚಿದವು. ಸಂಸ್ಥಾನದ ಕಾಲದಲ್ಲಿ ಕಚೇರಿಯ ಮತ್ತು ಶಿಕ್ಷಣದ ಭಾಷೆಯಾಗಿದ್ದ ಉರ್ದು, ಪಡುವಣ ಬಡಗಣದಿಂದ ಮರಾಠಿ, ನಾಲ್ಕೂ ಕಡೆ ತೆಲುಗು, ಇವುಗಳ ನಡುವೆ ನಮ್ಮ ಮಕ್ಕಳು ಬೆಳೆಯುತ್ತಾರೆ. ೨೦೧೮ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯೂ ಕಡ್ಡಾಯವಾಗಿದೆ.

ಈ ಬಹುಭಾಷಾ ಸನ್ನಿವೇಶವನ್ನು ಒಂದು ದೌರ್ಭಾಗ್ಯವೆಂದು ಭಾವಿಸಬೇಕಾಗಿಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡವನ್ನು ಮುಟ್ಟಿ ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುತ್ತದೆ. ನಾಡಿನೊಳಗೆ ಕನ್ನಡದ ಬಗೆಗಳು ಹಲವು ಎಂಬುದನ್ನೂ ಗುರುತಿಸುತ್ತದೆ. ಜಹೀರಾಬಾದು, ನಾರಾಯಣಖೇಡಗಳ ಕಡೆ ಹರಿಯುವ ಮಂಜೀರಾ ಆ ಗೋದಾವರಿಯ ಉಪನದಿಯೇ. ಕನ್ನಡದ ಹಲವು ಬಗೆಗಳಲ್ಲಿ ನಮ್ಮದೂ ಒಂದು ಎಂಬ ತಿಳಿವಳಿಕೆಯಿಂದಲೇ ಉಪಾಧ್ಯಾಯನು ತರಗತಿಯನ್ನು ಪ್ರವೇಶಿಸಬೇಕು.

ಎರಡು ಪ್ರಾಚೀನ ಕ್ರಮಗಳು

ಪರ್ಯಾಯ ಪದಗಳನ್ನು ಕಂಠಪಾಠ ಮಾಡಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಅಮರಸಿಂಹನ 'ನಾಮಲಿಂಗಾನುಶಾಸನ', ಅಂದರೆ ಜನರು ಅಮರಕೋಶವೆಂದು ಕರೆಯುವ ಗ್ರಂಥ, ಶತಮಾನಗಳ ಕಾಲ ಈ ಕೆಲಸಕ್ಕೆ ಆಧಾರವಾಗಿತ್ತು. ಅದರ ಮೊದಲನೆಯ ಕಾಂಡದ ನಾಟ್ಯವರ್ಗದಲ್ಲಿ ಕೋಪ, ಕ್ರೋಧ, ಅಮರ್ಷ, ರೋಷ ಮುಂತಾದವು ಒಂದು ಗುಂಪಾಗಿಯೂ, ಭಯ, ತ್ರಾಸ, ಭೀತಿ, ಸಾಧ್ವಸ ಮುಂತಾದವು ಇನ್ನೊಂದು ಗುಂಪಾಗಿಯೂ, ಕರುಣೆ, ಕೃಪೆ, ದಯೆ, ಅನುಕಂಪ ಮುಂತಾದವು ಮತ್ತೊಂದು ಗುಂಪಾಗಿಯೂ ಬರುತ್ತವೆ. ಕನ್ನಡದಲ್ಲಿಯೂ ಎರಡನೆಯ ನಾಗವರ್ಮನ 'ಅಭಿಧಾನವಸ್ತುಕೋಶ', ೧೩೯೮ರ ಮಂಗರಾಜನ ನಿಘಂಟು, ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ಮೊದಲಾದ ಪದ್ಯರೂಪದ ಕೋಶಗಳು ಹುಟ್ಟಿದವು. ಈ ಕೊನೆಯ ಗ್ರಂಥದ ಹೆಸರೇ ಅದರ ಪ್ರಯೋಜನವನ್ನು ತಿಳಿಸುತ್ತದೆ. ಕವಿಗೆ ಛಂದಸ್ಸಿನಲ್ಲಿ ಒಂದು ಕಡೆ ಎರಡು ಮಾತ್ರೆಯ ಪದ ಬೇಕು, ಇನ್ನೊಂದು ಕಡೆ ನಾಲ್ಕು ಮಾತ್ರೆಯದು. ಒಂದು ಕಡೆ ಪ್ರಾಸಕ್ಕೆ ಒಂದು ಅಕ್ಷರ ಬೇಕು, ಇನ್ನೊಂದು ಕಡೆ ಬೇರೊಂದು. ಅರ್ಥ ಸುಮಾರಾಗಿ ಒಂದೇ ಆಗಿ, ಆಕಾರ ಬೇರೆಯಾದ ಪದಗಳ ಸಂಗ್ರಹ ಅವನಿಗೆ ಅವಶ್ಯಕ. ಆದ್ದರಿಂದ ಕೋಶಕಾರರು ಪದಗಳನ್ನು ಕೂಡಿಸಿದರು. ಅವುಗಳ ನಡುವಿನ ಭೇದವನ್ನು ವಿವರಿಸುವುದು ಅವರ ಕೆಲಸವಾಗಿರಲಿಲ್ಲ.

ಇನ್ನೊಂದು ಕ್ರಮ ಭರತನ ನಾಟ್ಯಶಾಸ್ತ್ರದ್ದು. ಅಲ್ಲಿ ಸ್ಥಾಯಿಭಾವಗಳು ೮, ವ್ಯಭಿಚಾರಿಭಾವಗಳು ೩೩, ಸಾತ್ತ್ವಿಕಭಾವಗಳು ೮, ಒಟ್ಟು ೪೯ ಭಾವಗಳ ಗಣನೆಯಿದೆ. ನಟನು ರಂಗದ ಮೇಲೆ ಪ್ರತಿಯೊಂದನ್ನೂ ಬೇರೆಯಾಗಿ ತೋರಿಸಬೇಕಾದ್ದರಿಂದ ಭರತನು ಭಾವಗಳನ್ನು ಬೇರ್ಪಡಿಸಿ, ಅವುಗಳ ಕಾರಣವನ್ನೂ ಮೈಯಲ್ಲಿ ಕಾಣುವ ಗುರುತನ್ನೂ ಹೇಳುತ್ತಾನೆ. ಅಮರಕೋಶದಲ್ಲಿ ಒಂದೇ ಸಾಲಿನಲ್ಲಿ ಕುಳಿತ ಭಯ, ತ್ರಾಸಗಳು ಇಲ್ಲಿ ಒಂದೇ ಅಲ್ಲ. ಭಯ ಸ್ಥಾಯಿ, ಅಂದರೆ ನೆಲೆನಿಲ್ಲುವಂಥದು. ತ್ರಾಸ ವ್ಯಭಿಚಾರಿ, ಸಿಡಿಲು ಹೊಡೆದಾಗ ಬೆಚ್ಚಿಬೀಳುವಂತೆ ಬಂದುಹೋಗುವಂಥದು. ಹಾಗೆಯೇ ಕ್ರೋಧ ಸ್ಥಾಯಿ, ಅಮರ್ಷ ವ್ಯಭಿಚಾರಿ.

ನಾವು ಪಾಠಶಾಲೆಯಲ್ಲಿ ಅನುಸರಿಸುತ್ತಿರುವುದು ಕೋಶಕಾರರ ಕ್ರಮವನ್ನು. ಮಕ್ಕಳಿಗೆ ಬೇಕಾಗಿರುವುದು ಭರತನ ಕ್ರಮ. ಪದಗಳು ಮೊದಲು ಕೂಡಬೇಕು ನಿಜ. ಆದರೆ ಕೂಡಿದ ಮೇಲೆ ಬೇರ್ಪಡಬೇಕು. ಎರಡನೆಯ ಹೆಜ್ಜೆಯನ್ನು ಇಡದಿದ್ದರೆ ಮೊದಲನೆಯದು ಬರಿಯ ಕಂಠಪಾಠವಾಗಿ ಉಳಿಯುತ್ತದೆ.

ಮನೆಯ ಪದಗಳ ಸಂಪತ್ತು

ಪಠ್ಯಪುಸ್ತಕದ ಪದಪಟ್ಟಿಯಲ್ಲಿ ಕಾಣದ ಎಷ್ಟೋ ಭಾವವಾಚಕ ಪದಗಳು ನಮ್ಮ ಮಕ್ಕಳ ಮನೆಯಲ್ಲಿ ಜೀವಂತವಾಗಿವೆ. ದಕ್ಷಿಣದವರು ಹೆದರಿಕೆ ಎನ್ನುವಲ್ಲಿ ನಮ್ಮವರು ಅಂಜಿಕೆ ಎನ್ನುತ್ತಾರೆ, ಆಡುಮಾತಿನಲ್ಲಿ 'ಅಂಜಿಕಿ'. ಇದು ತಮಿಳಿನಲ್ಲಿಯೂ ಇರುವ ಹಳೆಯ ದ್ರಾವಿಡ ಧಾತುವಿನಿಂದ ಬಂದದ್ದು. ಹಳಗನ್ನಡ ಕಾವ್ಯಗಳಲ್ಲಿಯೂ ವಚನಗಳಲ್ಲಿಯೂ ಬಳಕೆಯಾದದ್ದು. ಹುಡುಗ ಉತ್ತರಪತ್ರಿಕೆಯಲ್ಲಿ ಭಯಕ್ಕೆ 'ಅಂಜಿಕಿ' ಎಂದು ಬರೆದರೆ ಕೊನೆಯ ಸ್ವರವನ್ನು ತಿದ್ದಬಹುದೇ ಹೊರತು ಪದವನ್ನೇ ಹೊಡೆದುಹಾಕುವುದು ಸರಿಯಲ್ಲ. ಹಾಗೆ ಹೊಡೆದುಹಾಕಿದಾಗ ಹುಡುಗ ಕಲಿಯುವ ಪಾಠ ಒಂದೇ: ತನ್ನ ಮನೆಯಲ್ಲಿ ಆಡುವುದು ಕನ್ನಡವಲ್ಲ ಎಂಬುದು. ಗಡಿಭಾಗದಲ್ಲಿ ಈ ಪಾಠವನ್ನು ಕಲಿತ ಹುಡುಗ ಮುಂದೆ ಕನ್ನಡವನ್ನೇ ಬಿಟ್ಟರೆ ಆಶ್ಚರ್ಯವೇನು?

'ಅಂತಃಕರಣ' ಎಂಬ ಪದವನ್ನು ನೋಡಿರಿ. ಸಂಸ್ಕೃತ ಶಾಸ್ತ್ರಗಳಲ್ಲಿ ಅದು ಒಳಗಿನ ಇಂದ್ರಿಯ, ಅಂದರೆ ಮನಸ್ಸು. ಉತ್ತರದ ಕನ್ನಡದಲ್ಲಿ "ಆ ತಾಯಿಗೆ ಭಾಳ ಅಂತಃಕರಣ" ಎಂದರೆ ದಯೆಯೂ ಪ್ರೀತಿಯೂ ಬೆರೆತ ಕರುಳಿನ ಮಿಡಿತ. ದಯೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಅಂತಃಕರಣ ಸಮಾನರಲ್ಲಿಯೂ ಇರಬಹುದು. 'ಹಳಹಳಿ' ಎಂಬುದು ಆಗಿಹೋದದ್ದನ್ನು ನೆನೆನೆನೆದು ಒಳಗೇ ಮರುಗುವುದು. ಪಶ್ಚಾತ್ತಾಪದಂತೆ ಅದಕ್ಕೆ ತಪ್ಪಿನ ಅರಿವು ಬೇಕೆಂದಿಲ್ಲ. 'ಕಾಳಜಿ' ಮರಾಠಿಯಿಂದ ಬಂದದ್ದು, ಗುಂಡಿಗೆ ಎಂಬರ್ಥದ 'ಕಾಳೀಜ' ಪದದ ಬಳಗಕ್ಕೆ ಸೇರಿದ್ದು. ಚಿಂತೆ ಕುಳಿತು ಕೊರಗುತ್ತದೆ. ಕಾಳಜಿ ಎದ್ದು ಕೆಲಸ ಮಾಡುತ್ತದೆ.

ಉರ್ದುವಿನ ಮೂಲಕ ಬಂದ ಪಾರಸಿ ಅರಬ್ಬೀ ಪದಗಳೂ ಹೀಗೆಯೇ ಹೊಸ ಅರ್ಥ ಪಡೆದಿವೆ. 'ಉಮೇದು' ಪಾರಸಿಯಲ್ಲಿ ಆಸೆ, ಭರವಸೆ. ನಮ್ಮಲ್ಲಿ ಕೆಲಸಕ್ಕೆ ಮುನ್ನುಗ್ಗುವ ಹುರುಪು. 'ಹೈರಾಣ' ಅರಬ್ಬಿಯಲ್ಲಿ ಬೆರಗಾದವನು, ದಿಕ್ಕುತೋಚದವನು. ನಮ್ಮಲ್ಲಿ ದಣಿದು ಸುಸ್ತಾದವನು. 'ಫಿಕೀರು' ಮೂಲದಲ್ಲಿ ಆಲೋಚನೆ, ನಮ್ಮಲ್ಲಿ ಚಿಂತೆ. 'ಬೇಜಾರು' ಪಾರಸಿಯದು, 'ಬೇಸರ' ಅಚ್ಚಗನ್ನಡದ್ದು. ರೂಪ ಸಮೀಪವಾದ್ದರಿಂದ ಎರಡೂ ಒಂದೇ ಮೂಲದವೆಂಬ ಭ್ರಮೆ ಹುಟ್ಟುತ್ತದೆ. ಇಂಥ ಪದಗಳನ್ನು ಪರಕೀಯವೆಂದು ದೂಡುವುದರಿಂದ ಭಾಷೆ ಶುದ್ಧವಾಗುವುದಿಲ್ಲ, ಬಡವಾಗುತ್ತದೆ. ಅವುಗಳ ಪಕ್ಕದಲ್ಲಿ ಹುರುಪು, ದಣಿವು, ಚಿಂತೆ, ಬೇಸರಗಳನ್ನೂ ಇಟ್ಟು ಎಲ್ಲಿ ಯಾವುದು ಸಲ್ಲುತ್ತದೆ ಎಂಬುದನ್ನು ತೋರಿಸುವುದೇ ಉಚಿತ.

ಒಂದೇ ರೂಪ, ಬೇರೆ ಭಾವ

ಗಡಿಭಾಗದ ಉಪಾಧ್ಯಾಯನಿಗೆ ಒಳನಾಡಿನವರಿಗಿಲ್ಲದ ಒಂದು ತೊಂದರೆಯೂ ಇದೆ. ನಾಲ್ಕು ಭಾಷೆಗಳಲ್ಲಿ ಒಂದೇ ರೂಪದಲ್ಲಿರುವ ಪದ ಬೇರೆ ಬೇರೆ ಭಾವವನ್ನು ಸೂಚಿಸುವುದುಂಟು. ಕನ್ನಡ ಪತ್ರಿಕೆಯಲ್ಲಿ 'ರೈತರ ಆಗ್ರಹ' ಎಂದಿದ್ದರೆ ರೈತರು ಏನನ್ನೋ ಒತ್ತಾಯಿಸಿ ಕೇಳುತ್ತಿದ್ದಾರೆ ಎಂದು ತಿಳಿಯುತ್ತೇವೆ. ತೆಲುಗು ಪತ್ರಿಕೆಯಲ್ಲಿ ಅದೇ ಪದವಿದ್ದರೆ ರೈತರು ಸಿಟ್ಟಾಗಿದ್ದಾರೆ. ಮರಾಠಿ ಮನೆಯಲ್ಲಿ 'ಆಗ್ರಹ' ಎಂದರೆ ಅತಿಥಿಗೆ ಇನ್ನೊಂದು ಹೋಳಿಗೆ ಬಡಿಸುವಾಗಿನ ಪ್ರೀತಿಯ ಒತ್ತಾಯ. 'ಸಂತಾಪ' ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದುಃಖ, ಸಾವಿನ ಮನೆಗೆ ಸಲ್ಲುವ ಮಾತು. ಮರಾಠಿಯಲ್ಲಿ ಅದು ಉಗ್ರವಾದ ಕೋಪ. 'ರಾಗ' ನಮಗೆ ಸಂಗೀತದ್ದು ಅಥವಾ ಅನುರಾಗ; ಮರಾಠಿಯವರಿಗೆ ಸಿಟ್ಟು. 'ಲೋಭ' ನಮಗೆ ದುರಾಸೆ. ಮರಾಠಿ ಪತ್ರದ ಕೊನೆಯಲ್ಲಿ ಅದು ವಿಶ್ವಾಸ. ತೆಲುಗಿನ 'ತೊಂದರ' ಅವಸರ, ಕನ್ನಡದ 'ತೊಂದರೆ' ಕಷ್ಟ. ತೆಲುಗಿನ 'ಅವಸರಂ' ಅಗತ್ಯ, ಕನ್ನಡದ 'ಅವಸರ' ಆತುರ. ತೆಲುಗಿನ 'ಮೋಜು' ಒಂದು ವಸ್ತುವಿನ ಮೇಲಿನ ಹಂಬಲ, ಕನ್ನಡದ್ದು ವಿನೋದ. 'ತ್ರಾಸ' ಸಂಸ್ಕೃತದಲ್ಲಿ ಅಂಜಿಕೆಯಾದರೂ, ನಮ್ಮ ಭಾಗದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದು ಕಷ್ಟ, ಉಪದ್ರವ.

ಈ ಭೇದಗಳು ಆಕಸ್ಮಿಕವಲ್ಲ. 'ಸಂತಾಪ'ದ ಮೂಲದಲ್ಲಿರುವ 'ತಪ್' ಧಾತುವಿಗೆ ಕಾಯುವುದು, ಬಿಸಿಯಾಗುವುದು ಎಂದರ್ಥ. ಒಳಗಿನ ಬಿಸಿ ಕರಗಿಸಿದರೆ ದುಃಖ, ಸಿಡಿಸಿದರೆ ಕೋಪ. ಕನ್ನಡವು ಒಂದನ್ನು ಹಿಡಿಯಿತು, ಮರಾಠಿಯು ಇನ್ನೊಂದನ್ನು. ನಮ್ಮ 'ಅಳಲು' ಎಂಬ ಅಚ್ಚಗನ್ನಡ ಪದದ ಕಥೆಯೂ ಇದೇ. ಹಳಗನ್ನಡದ 'ಅೞಲ್' ಬೇಯುವುದನ್ನೂ ದುಃಖಿಸುವುದನ್ನೂ ಸೂಚಿಸುತ್ತದೆ. ತಮಿಳಿನಲ್ಲಿ ಅದೇ ಪದಕ್ಕೆ ಬೆಂಕಿ ಎಂಬರ್ಥವಿದೆ. ಹೀಗೆ ಪದದ ಬೇರನ್ನು ಒಮ್ಮೆ ತೋರಿಸಿದರೆ ವಿದ್ಯಾರ್ಥಿ ಮತ್ತೆ ಮರೆಯುವುದಿಲ್ಲ. 'ವಿಷಾದ'ದಲ್ಲಿ ಕುಸಿಯುವ ಅರ್ಥವಿದೆ, 'ಹರ್ಷ'ದಲ್ಲಿ ರೋಮ ನಿಮಿರುವ ಅರ್ಥವಿದೆ, 'ಸಂಕೋಚ'ದಲ್ಲಿ ಮುದುಡುವ ಅರ್ಥವಿದೆ, 'ಪ್ರಸನ್ನ'ದಲ್ಲಿ ತಿಳಿನೀರಿನ ಅರ್ಥವಿದೆ.

ಕಲಿಸುವ ಬಗೆ

ಮೇಲಿನ ವಿಚಾರಗಳನ್ನು ತರಗತಿಯಲ್ಲಿ ಬಳಸಲು ಐದು ಅಭ್ಯಾಸಗಳನ್ನು ಇಲ್ಲಿ ಸೂಚಿಸಬಹುದು. ಇವುಗಳಿಗೆ ಕರಿಹಲಗೆ, ಸುಣ್ಣದ ಕಡ್ಡಿಗಳ ಹೊರತು ಬೇರೆ ಸಲಕರಣೆ ಬೇಕಿಲ್ಲ.

ಮೊದಲನೆಯದು ಬದಲಿ ಪರೀಕ್ಷೆ. ಒಂದು ವಾಕ್ಯದಲ್ಲಿ ಒಂದು ಪದವನ್ನು ತೆಗೆದು ಅದರ ಪರ್ಯಾಯವನ್ನು ಇಟ್ಟುನೋಡುವುದು. "ತಂಗಿ ಅಣ್ಣನ ಮೇಲೆ ಮುನಿಸಿಕೊಂಡಳು" ಎಂಬಲ್ಲಿ ಮುನಿಸನ್ನು ತೆಗೆದು "ಹಗೆ ಸಾಧಿಸಿದಳು" ಎಂದರೆ ಮನೆಯೇ ಮುರಿದಂತಾಗುತ್ತದೆ. ಮುನಿಸು ಪ್ರೀತಿಯಿದ್ದಲ್ಲಿ ಮಾತ್ರ ಹುಟ್ಟುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಹಿಡಿಯುತ್ತಾರೆ. ದಾರಿಯಲ್ಲಿ ಹೋಗುವ ಅಪರಿಚಿತನ ಮೇಲೆ ಸಿಟ್ಟಾಗಬಹುದು, ಮುನಿಯಲಾಗದು.

ಎರಡನೆಯದು ಮೆಟ್ಟಿಲು ಕಟ್ಟುವುದು. ಅಸಮಾಧಾನ, ಸಿಡುಕು, ಸಿಟ್ಟು, ರೋಷ, ಕ್ರೋಧ ಎಂದು ಏರುವ ಕ್ರಮದಲ್ಲಿ ಪದಗಳನ್ನು ಬರೆಯಿಸಬೇಕು. ಅಳುಕು, ಅಂಜಿಕೆ, ದಿಗಿಲು, ಭೀತಿ ಎಂಬುದು ಇನ್ನೊಂದು ಮೆಟ್ಟಿಲು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ವಿಷಯದಲ್ಲಿ ಮಕ್ಕಳು ವಾದ ಮಾಡುತ್ತಾರೆ. ಆ ವಾದವೇ ಪಾಠ. ಎಲ್ಲರೂ ಒಂದೇ ಕ್ರಮಕ್ಕೆ ಬರಬೇಕೆಂದು ಉಪಾಧ್ಯಾಯರು ಒತ್ತಾಯಿಸಬೇಕಾಗಿಲ್ಲ. ಪದದ ಪ್ರಮಾಣದ ಜೊತೆಗೆ ಅವಧಿಯನ್ನೂ ಕೇಳಬೇಕು: ಸಿಟ್ಟು ಸಂಜೆಗೆ ಇಳಿಯುತ್ತದೆ, ಹಗೆ ಮಕ್ಕಳ ಕಾಲಕ್ಕೂ ಉಳಿಯಬಹುದು.

ಮೂರನೆಯದು ಜೊತೆಗಾರ ಕ್ರಿಯಾಪದವನ್ನು ಗುರುತಿಸುವುದು. ಕನ್ನಡದಲ್ಲಿ ಭಾವ ಹೆಚ್ಚಾಗಿ ಮನುಷ್ಯನು ಮಾಡುವ ಕೆಲಸವಲ್ಲ, ಅವನಿಗೆ ಬರುವಂಥದು, ಆಗುವಂಥದು. ಆದ್ದರಿಂದಲೇ "ನನಗೆ ಸಿಟ್ಟು ಬಂತು", "ಅವಳಿಗೆ ನಾಚಿಕೆಯಾಯಿತು" ಎಂದು ಚತುರ್ಥೀ ವಿಭಕ್ತಿ ಬಳಸುತ್ತೇವೆ. ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ. ದುಃಖ ಉಕ್ಕುತ್ತದೆ, ಒತ್ತರಿಸುತ್ತದೆ. ಆಸೆ ಚಿಗುರುತ್ತದೆ, ಕಮರುತ್ತದೆ. ಹೊಟ್ಟೆಕಿಚ್ಚು 'ಪಡು'ವಂಥದು. ನಾಮಪದವನ್ನು ಒಂಟಿಯಾಗಿ ಕಲಿತವನಿಗೆ ವಾಕ್ಯ ಬರೆಯಲು ಬಾರದು. ಜೊತೆಗಾರನ ಸಹಿತ ಕಲಿತವನಿಗೆ ಬರುತ್ತದೆ.

ನಾಲ್ಕನೆಯದು ಅಂಗಗಳ ಮೂಲಕ ಭಾವವನ್ನು ಹುಡುಕುವುದು. ಎದೆ ಝಲ್ಲೆನ್ನುವುದು, ಕರುಳು ಚುರುಕ್ಕೆನ್ನುವುದು, ಹೊಟ್ಟೆ ಉರಿಯುವುದು, ಹೊಟ್ಟೆ ತಣ್ಣಗಾಗುವುದು, ಮುಖ ಬಾಡುವುದು, ಮುಖ ಊದಿಸುವುದು, ಕಣ್ಣು ಕೆಂಪಾಗುವುದು, ಕಣ್ಣು ತುಂಬಿಬರುವುದು, ಮೈ ಜುಮ್ಮೆನ್ನುವುದು ಇವೆಲ್ಲ ಜನರ ಬಾಯಲ್ಲಿ ನಿತ್ಯ ಬಳಕೆಯಲ್ಲಿರುವ ನುಡಿಗಟ್ಟುಗಳು. ಪ್ರತಿಯೊಂದಕ್ಕೂ ಒಂದು ಭಾವದ ಹೆಸರನ್ನು ಹೊಂದಿಸಲು ಹೇಳಿದರೆ ಭರತನು ನಟನಿಗೆ ಕಲಿಸಿದ್ದನ್ನು ನಾವು ಮಕ್ಕಳಿಗೆ ಕಲಿಸಿದಂತಾಗುತ್ತದೆ.

ಐದನೆಯದು ನಾಲ್ಕು ಅಂಕಣಗಳ ಪದಪುಸ್ತಕ. ಕನ್ನಡ, ತೆಲುಗು, ಮರಾಠಿ, ಉರ್ದು ಎಂದು ಅಂಕಣ ಹಾಕಿ ಭಾವದ ಪದಗಳನ್ನು ತುಂಬಿಸಬೇಕು. ಸಿಟ್ಟಿಗೆ ತೆಲುಗಿನ ಕೋಪಂ, ಮರಾಠಿಯ ರಾಗ, ಉರ್ದುವಿನ ಗುಸ್ಸಾ. ಮುನಿಸಿಗೆ ತೆಲುಗಿನ ಅಲಕ, ಮರಾಠಿಯ ರುಸವಾ. ಅಂಜಿಕೆಗೆ ತೆಲಂಗಾಣದ ಆಡುಮಾತಿನ ಬುಗುಲು, ಮರಾಠಿಯ ಭೀತಿ, ಉರ್ದುವಿನ ಡರ್. ನಾಚಿಕೆಗೆ ತೆಲುಗಿನ ಸಿಗ್ಗು, ಮರಾಠಿಯ ಲಾಜ, ಉರ್ದುವಿನ ಶರಮ್. ಈ 'ಸಿಗ್ಗು' ಕನ್ನಡದಲ್ಲಿಯೂ ಇದೆ. ನಮ್ಮಲ್ಲಿ ಅದು ಹೆಚ್ಚಾಗಿ ಕಾವ್ಯದಲ್ಲಿ ಉಳಿಯಿತು, ನೆರೆಮನೆಯಲ್ಲಿ ನಿತ್ಯದ ಮಾತಾಗಿದೆ. ನೆರೆಭಾಷೆಯ ಮಕ್ಕಳನ್ನು ಕೇಳಿ ಈ ಅಂಕಣಗಳನ್ನು ತುಂಬುವಾಗ ಭಾಷೆಯ ಜೊತೆಗೆ ಸ್ನೇಹವೂ ಬೆಳೆಯುತ್ತದೆ. ಆಗ್ರಹ, ಸಂತಾಪ, ತೊಂದರೆಗಳಂಥ ಪದಗಳಿಗೆ ಕೆಂಪು ಶಾಯಿಯ ಗುರುತು ಹಾಕಿಸಬೇಕು.

ಸಂಗ್ರಹದ ಅವಶ್ಯಕತೆ

ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು ೧೯೭೦ರಿಂದ ೧೯೯೫ರವರೆಗೆ ಹೊರಬಂದವು. ಈ ಮಹಾಕಾರ್ಯಗಳಿಗೆ ನಾವೆಲ್ಲರೂ ಋಣಿಗಳು. ಆದರೆ ಜಹೀರಾಬಾದಿನ ಸಂತೆಯಲ್ಲಿ, ನಾರಾಯಣಖೇಡದ ಹೊಲದಲ್ಲಿ, ತಾಂಡೂರಿನ ಹಾಸುಗಲ್ಲಿನ ಗಣಿಯಲ್ಲಿ ಆಡುವ ಪ್ರತಿಯೊಂದು ಮಾತನ್ನೂ ಅಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ. ಅದು ಇಲ್ಲಿಯೇ ಇರುವವರ ಕೆಲಸ, ಮತ್ತು ಇಲ್ಲಿಯ ಉಪಾಧ್ಯಾಯರಿಗಿಂತ ಅದಕ್ಕೆ ಯೋಗ್ಯರು ಬೇರೆ ಯಾರೂ ಇಲ್ಲ. ಪ್ರತಿಯೊಬ್ಬ ಉಪಾಧ್ಯಾಯನು ವರ್ಷಕ್ಕೆ ಇಪ್ಪತ್ತೈದು ಭಾವವಾಚಕ ಪದಗಳನ್ನು, ಅವು ಬಳಕೆಯಾದ ವಾಕ್ಯ, ಊರು, ಹೇಳಿದವರ ವಯಸ್ಸು ಇವುಗಳ ಸಹಿತ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಒಂದು ಗಡಿನಾಡ ಭಾವಕೋಶ ಸಿದ್ಧವಾಗುತ್ತದೆ. ವಿಶೇಷವಾಗಿ ಹಿರಿಯ ಹೆಣ್ಣುಮಕ್ಕಳ ಮಾತನ್ನು ಆಲಿಸಬೇಕು. ಜೋಗುಳದಲ್ಲಿ, ಬೀಸುವ ಪದದಲ್ಲಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಮಾತಿನಲ್ಲಿ ಬರುವ ಭಾವದ ಪದಗಳು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಬೀಸುವ ಕಲ್ಲು ನಿಂತು ಬಹಳ ಕಾಲವಾಯಿತು; ಆ ಹಾಡುಗಳನ್ನು ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಕನ್ನಡವು ಗಡಿಯ ಆಚೆಗೆ ಉಳಿಯುವುದು ಶಾಲೆಯ ಫಲಕದಿಂದ ಮಾತ್ರವಲ್ಲ. ಮಗು ತನ್ನ ಅಂಜಿಕೆಯನ್ನು, ಹಳಹಳಿಯನ್ನು, ಉಮೇದನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬಲ್ಲದೋ ಆ ಭಾಷೆಯನ್ನು ಅದು ಬಿಡುವುದಿಲ್ಲ. ವ್ಯಾಪಾರಕ್ಕೆ ಒಂದು ಭಾಷೆ, ಕಚೇರಿಗೆ ಒಂದು ಭಾಷೆ ಎಂದು ಕಲಿತರೂ ಮನಸ್ಸಿನ ಮಾತಿಗೆ ಅದು ಮರಳಿ ಬರುತ್ತದೆ. ಪರ್ಯಾಯ ಪದಗಳ ಪಾಠವನ್ನು ಈ ದೃಷ್ಟಿಯಿಂದ ನೋಡಿ, ಉಪಾಧ್ಯಾಯ ಬಂಧುಗಳು ತಮ್ಮ ತಮ್ಮ ತರಗತಿಗಳಲ್ಲಿ ಮೇಲಿನ ಅಭ್ಯಾಸಗಳನ್ನು ಪ್ರಯೋಗಿಸಿ ನೋಡಬೇಕೆಂದೂ, ತಾವು ಸಂಗ್ರಹಿಸಿದ ಪದಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಪಡಿಸಬೇಕೆಂದೂ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.